ಕೊಡದ ಎಮ್ಮೆಗೆ ಬಂದ ವಂದನೆ

ಒಂದು ರಾಜ್ಯದಲ್ಲಿ ತಿಮ್ಮರಸನೆಂಬ ರಾಜನಿದ್ದ. ಒಳ್ಳೆಯವನೆಂದು ಹೆಸರಾಗಿದ್ದ. ಪಟ್ಟಕ್ಕೆ ಬಂದು ಎರಡೇ ದಿನವಾಗಿತ್ತು.

ಆ ರಾಜ್ಯದಲ್ಲೊಂದು ಪದ್ಧತಿ. ಯಾರೇ ಆಗಲಿ, ಡಂಗೂರ ಹೊಡೆಸಿ ಒಬ್ಬರಿಗೆ ವಂದನೆ ಹೇಳಿದರೆ ಅವರು ಬೇಡ ಅನ್ನುವಂತಿಲ್ಲ. ಯಾವ ಕೆಲಸಕ್ಕೆ ವಂದನೆ ಬಂತೋ ಆ ಕೆಲಸ ಮಾಡಿರಬೇಕು. ಮಾಡಿಲ್ಲದಿದ್ದರೆ ಸಂಜೆಯೊಳಗೆ ಮಾಡಬೇಕು. ಯಾಕೆ ಹೀಗೆ ಅಂತ ಯಾರೂ ಕೇಳಿರಲಿಲ್ಲ. ಪದ್ಧತಿಯನ್ನು ಯಾರು ಕೇಳುತ್ತಾರೆ?

ರಾಜ ಮಂತ್ರಿ ಸಂಕಣ್ಣನನ್ನು ಕರೆದ.

"ಪಟ್ಟಾಭಿಷೇಕಕ್ಕೆ ಜನ ಬಂದರು, ಬಿಸಿಲಲ್ಲಿ ನಿಂತರು. ಎರಡು ಒಳ್ಳೆ ಮಾತು ಬರೆದು ಸಾರಿಸಿ, ಮಂತ್ರಿಗಳೇ."

"ಅಪ್ಪಣೆ, ಪ್ರಭು."

ಸಂಕಣ್ಣ ರಾಜನ ಎರಡು ಮಾತು ಬರೆದ. ಮೂರನೆಯದನ್ನು ಊರಿಗೊಂದರಂತೆ ತಾನೇ ಸೇರಿಸಿದ. ರಾಜ ಓದದೆ ಮುದ್ರೆ ಒತ್ತಿದ. ಓದಲು ಕಲಿತಿದ್ದ; ಅಭ್ಯಾಸವಿರಲಿಲ್ಲ.

ಡಂಗೂರದ ಮೊಟ್ಟಯ್ಯ ಮೊದಲನೇ ಊರಿಗೆ ಹೋದ. ಡಬ ಡಬ ಡಬ. "ಬಂದಿರಿ, ರಾಜರ ವಂದನೆ. ನಿಂತಿರಿ, ರಾಜರ ವಂದನೆ. ನಿಮ್ಮ ಕೋಳಿಗಳನ್ನೆಲ್ಲ ಮಂತ್ರಿಗಳಿಗೆ ಕೊಟ್ಟಿರಿ, ರಾಜರ ವಂದನೆ."

ಜನ ಮುಖ ಮುಖ ನೋಡಿಕೊಂಡರು. ಸಂಜೆಯೊಳಗೆ ಕೋಳಿಗಳು ಹೋದವು.

ಮರುದಿನ ಎರಡನೇ ಊರು. ಬಂದಿರಿ, ನಿಂತಿರಿ, ಕುರಿ ಕೊಟ್ಟಿರಿ. ಕುರಿಗಳೂ ಹೋದವು.

ಅದರ ಮರುದಿನ ಮೂರನೇ ಊರು. ಬಂದಿರಿ, ನಿಂತಿರಿ, ಎಮ್ಮೆ ಕೊಟ್ಟಿರಿ.

ಅಲ್ಲಿ ಕೆಂಚವ್ವ ಎಂಬ ಮುದುಕಿಗೆ ಇದ್ದದ್ದು ಒಂದೇ ಎಮ್ಮೆ. ಅದು ಹಾಲು ಕೊಟ್ಟರೆ ಅವಳಿಗೆ ಗಂಜಿ.

"ಲೇ ಮೊಟ್ಟಯ್ಯ, ನಾನ್ಯಾವಾಗ ಕೊಟ್ಟೆನೋ ಎಮ್ಮೆನ?"

"ನಂಗೇನ್ ಗೊತ್ತವ್ವ. ಹೊಡಿ ಅಂದ್ರೆ ಹೊಡಿತೀನಿ. ನಮ್ಮನೆ ಕೋಳಿಗೂ ನಾನೇ ವಂದನೆ ಹೇಳಿದ್ದು."

"ನಾನು ಹೇಳಿದ್ರೆ ಹೊಡಿತೀಯಾ?"

"ಒಂದು ಚೊಂಬು ಮಜ್ಜಿಗೆ ಕೊಟ್ರೆ ಯಾರಿಗಾದ್ರೂ ಹೊಡಿತೀನಿ."

ಕೆಂಚವ್ವ ಎರಡು ಚೊಂಬು ಕೊಟ್ಟಳು. ಬಡವರೂ ಡಂಗೂರ ಹೊಡೆಸಬಹುದು ಅನ್ನುವುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಹೊತ್ತು ಇಳಿಯುವ ಮೊದಲೇ ಅವಳು ಮೂರೂ ಊರಿನವರನ್ನು ಕಟ್ಟಿಕೊಂಡು ಮಂತ್ರಿಯ ಮನೆಗೆ ಹೋದಳು. ಸಂಕಣ್ಣ ಜಗಲಿಯ ಮೇಲೆ ಮೀಸೆ ತಿರುವುತ್ತ ಕೋಳಿ ನೋಡುತ್ತಿದ್ದ.

ಡಬ ಡಬ ಡಬ. "ಮಂತ್ರಿಗಳು ಕೋಳಿ, ಕುರಿ ವಾಪಸು ಕೊಟ್ಟರು, ಪ್ರಜೆಗಳ ವಂದನೆ. ಎಮ್ಮೆಗಳನ್ನು ಅವರವರಿಗೇ ಬಿಟ್ಟರು, ಪ್ರಜೆಗಳ ವಂದನೆ. ಮೀಸೆ ಬೋಳಿಸಿಕೊಂಡು ದಿನಾ ಕೆಂಚವ್ವನ ಎಮ್ಮೆ ಮೈ ತೊಳೆಯಲು ಒಪ್ಪಿದರು, ದೊಡ್ಡ ವಂದನೆ."

"ಇದೆಲ್ಲ ಸುಳ್ಳು," ಅಂದ ಸಂಕಣ್ಣ.

"ಹಂಗಾದ್ರೆ ನಿಮ್ಮ ಡಂಗೂರಾನೂ ಸುಳ್ಳಾ ಬುದ್ಧಿ? ಅದಕ್ಕೆ ರಾಜರ ಮುದ್ರೆ ಇತ್ತಲ್ಲ," ಅಂದಳು ಕೆಂಚವ್ವ.

ಸಂಕಣ್ಣ ಮೀಸೆಯಿಂದ ಕೈ ತೆಗೆದ. ಅಷ್ಟರಲ್ಲಿ ಊರ ಕ್ಷೌರಿಕ ಕತ್ತಿ ಮಸೆದು ಪಕ್ಕದಲ್ಲಿ ಕೂತಾಗಿತ್ತು. "ಗದ್ದ ಸ್ವಲ್ಪ ಎತ್ತಿ, ಬುದ್ಧಿ."

ಡಂಗೂರ ಕೇಳಿ ರಾಜನೂ ಅಲ್ಲಿಗೆ ಬಂದ. "ನೋಡಿ, ಎಂಥ ತ್ಯಾಗ," ಎಂದು ಕಣ್ಣೊರೆಸಿಕೊಂಡ.

ಮಾರನೇ ಬೆಳಿಗ್ಗೆ ಸಂಕಣ್ಣ ಎಮ್ಮೆ ತೊಳೆಯಲು ಕೂತ. ಎಮ್ಮೆ ಒಮ್ಮೆ ಒದ್ದಿತು. ವಂದನೆ ಹೇಳಲಿಲ್ಲ.

ಮಕ್ಕಳೇ, ಇದರ ನೀತಿ ಇಷ್ಟೇ: ಒಳ್ಳೆ ಮಾತಿನ ಮರೆಯಲ್ಲಿ ಕಸಿದುಕೊಂಡವನು ಒಳ್ಳೆ ಮಾತಿಗೇ ಸಿಕ್ಕಿಬೀಳುತ್ತಾನೆ. ದೊಡ್ಡವರು ಕಾರಣವಿಲ್ಲದೆ ವಂದಿಸಿದರೆ ಕೈ ಮುಗಿಯುವ ಮೊದಲು ಕೊಟ್ಟಿಗೆ ನೋಡಿಕೊಳ್ಳಿ.