ಮೂರ್ಬೆರಳ ದಿಬ್ಬ

ಕವಳಿಕಟ್ಟಿಯಿಂದ ಮೂಡಲಿಗೆ ಹರದಾರಿ ನಡೆದರೆ ಎರೆನೆಲದ ನಡುವೆ ಮೊಣಕಾಲೆತ್ತರ ಹುಲ್ಲು ಬೆಳೆದ ಬಯಲು ಸಿಗುತ್ತದೆ. ಅದರ ಅಂಚಿನಲ್ಲಿರುವುದೇ ಮೂರ್ಬೆರಳ ದಿಬ್ಬ. ಗುಡಿಯಿಲ್ಲ, ಮೂರ್ತಿಯಿಲ್ಲ, ಆದರೂ ನಮ್ಮೂರಿನವರು ಚಪ್ಪಲಿ ಬಿಟ್ಟೇ ಹತ್ತುತ್ತಾರೆ. ಹಿಂದೆ ಒಮ್ಮೆ, ಊರಿನಲ್ಲಿ ಐದಾರು ಕುರುಬರ ಮನೆಗಳಷ್ಟೇ ಇದ್ದ ಕಾಲದಲ್ಲಿ, ಬೇಸಿಗೆಯ ಕೊನೆಗೆ ಈ ಬಯಲಿನ ಒಣಹುಲ್ಲಿಗೆ ಬೆಂಕಿ ಇಡುತ್ತಿದ್ದರು ಎನ್ನುತ್ತಾರೆ. ಸುಟ್ಟ ನೆಲದಲ್ಲಿ ಮೊದಲ ಮಳೆಗೇ ಕುರಿಗಳಿಗೆ ಎಳೆಹುಲ್ಲು ಚಿಗುರುತ್ತಿತ್ತು. ಕುಲದೇವರಾದ ಬೀರಪ್ಪನ ದೀಪದಿಂದ ಹೊತ್ತಿಸಿದ ಕೊಳ್ಳಿಯನ್ನು ಪೂಜಾರಿಯೇ ತರಬೇಕು. ಒಮ್ಮೆ ತಂದ ದೇವರ ಬೆಂಕಿಯನ್ನು ಆರಿಸುವಂತಿಲ್ಲ, ಹಿಂದಕ್ಕೆ ಒಯ್ಯುವಂತೆಯೂ ಇಲ್ಲ.

ಆ ವರ್ಷ ಪೂಜಾರಿ ಅಮೋಗೆಪ್ಪಜ್ಜ ಕೊಳ್ಳಿ ಹಿಡಿದು ಬಂದಾಗ, ಕುರಿ ಕಾಯುವ ಲಗಮವ್ವ ಅಡ್ಡ ನಿಂತಳು. ಸೊಂಟದೆತ್ತರದ ಹಕ್ಕಿಯೊಂದು ಬರಿನೆಲದ ಮೇಲೆ ಒಂದೇ ಮೊಟ್ಟೆಗೆ ಕಾವು ಕೂತಿದೆ, ಬೆಂಕಿ ಇಡಬೇಡಿ ಎಂದಳು.

"ಕೊಕ್ಕರೆ ಇರಬೇಕು ಬಿಡವ್ವ. ಹೊಗಿ ಕಂಡರ ಹಾರಿ ಗಿಡಾ ಹತ್ತತೈತಿ," ಎಂದ ಅಜ್ಜ.

"ಕೊಕ್ಕರೆ ನನಗ ಗೊತ್ತಿಲ್ಲೇನಜ್ಜಾ? ಇದರ ಕುತ್ತಿಗಿ ಬೆಳ್ಳಗ, ನೆತ್ತಿ ಮ್ಯಾಗ ಕರೇ ಟೊಪ್ಪಿಗಿ."

"ಹಂಗಾರ ಅದು ನಮ್ಮ ಗೌಡನ ಇರಬೇಕು," ಎಂದು ಹಿಂದಿನಿಂದ ಯಾರೋ ನಕ್ಕರು.

ಲಗಮವ್ವ ನಗಲಿಲ್ಲ. ಅಜ್ಜನನ್ನು ಬತ್ತುತ್ತಿದ್ದ ಹೊಂಡದ ಬಳಿಗೆ ಕರೆದೊಯ್ದಳು. ಕೆಸರಿನಲ್ಲಿ ಎರಡು ಬಗೆಯ ಹೆಜ್ಜೆಗಳಿದ್ದವು. ಕೊಕ್ಕರೆಯ ಹೆಜ್ಜೆಗೆ ಹಿಂದೆಯೂ ಒಂದು ಬೆರಳು ಊರಿತ್ತು. ಇನ್ನೊಂದರಲ್ಲಿ ಮುಂದಕ್ಕೆ ಚಾಚಿದ ಮೂರೇ ಬೆರಳು. ಹಿಂದೆ ಏನೂ ಇಲ್ಲ. "ಹಿಂದಿನ ಬೆರಳ ಇಲ್ಲದ್ದು ಕೊಂಬಿ ಹೆಂಗ ಹಿಡದೀತು? ಶಿವ ಇದಕ್ಕ ನೆಲಾ ಒಂದ ಕೊಟ್ಟಾನ. ತಾಯಿ ಹಾರೀತು, ಮೊಟ್ಟಿ ಹಾರೀತೇನು?" ಎಂದು ಕೇಳಿದಳು.

ಅಜ್ಜ ಕುಕ್ಕರುಗಾಲಲ್ಲಿ ಕೂತು ತನ್ನ ಮೂರು ಬೆರಳನ್ನು ಆ ಗುರುತಿನಲ್ಲಿಟ್ಟು ನೋಡಿದ. ಹಿರಿಯರು ಎರೆಭೂತ ಎಂದು ಹೇಳುತ್ತಿದ್ದ ಹಕ್ಕಿ ಇದೇ ಎಂದು ಅವನಿಗೆ ಆಗ ತಿಳಿಯಿತು. ಕೊಳ್ಳಿಯ ಉರಿ ಮಾತ್ರ ಕೈಗೆ ಸಮೀಪ ಬರುತ್ತಿತ್ತು. ಅವನು ದಿಬ್ಬದ ಬೋಳುನೆಲ ಹತ್ತಿ, ಮೂರು ಕಲ್ಲು ಹೂಡಿ, ಸಗಣಿಯ ಕುಳ್ಳು ಒಟ್ಟಿ, ಕೊಳ್ಳಿಯನ್ನು ಅದರೊಳಗೆ ಇಟ್ಟ. "ದೇವರ ಬೆಂಕಿ ಸುಡಾಕಷ್ಟ ಅಲ್ಲ, ಬೇಯಿಸಾಕೂ ಐತಿ. ಹುಗ್ಗಿ ಇಡ್ರಿ," ಎಂದ. ಆ ವರ್ಷ ಹಕ್ಕಿ ಕೂತ ಕಡೆಯನ್ನು ಬಿಟ್ಟು, ಉಳಿದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದರು. ಕೆಲಸ ಹೆಚ್ಚಾಯಿತು, ಗೊಣಗಿದವರೂ ಇದ್ದರು. ಆದರೆ ತಿಂಗಳೊಳಗೆ ತಾಯಿಯ ಹಿಂದೆ ಮರಿಯೊಂದು ನಡೆಯುವುದನ್ನು ಲಗಮವ್ವ ಅಜ್ಜನಿಗೆ ತೋರಿಸಿದಳು.

ಈಗಲೂ ಬೇಸಿಗೆಯ ಕೊನೆಗೆ ದೇವರ ಬೆಂಕಿ ದಿಬ್ಬಕ್ಕೆ ಬರುತ್ತದೆ, ಹುಲ್ಲಿಗಲ್ಲ, ಹುಗ್ಗಿಯ ಒಲೆಗೆ. ಮಸಿ ಹಿಡಿದ ಒಲೆಗಲ್ಲುಗಳನ್ನು ಯಾತ್ರಿಕರು ನೋಡಬಹುದು. ಹಕ್ಕಿ ಯಾವ ದಿನ ಕಾಣುವುದೆಂದು ಹೇಳಲಾರೆವು, ಅದು ಶಿವನ ಚಿತ್ತ. ಕಂಡವರು ದೂರದಿಂದಲೇ ಕೈಮುಗಿಯುತ್ತಾರೆ. ಕಾಣದವರನ್ನೂ ಕೂರಿಸಿ ಹುಗ್ಗಿ ಬಡಿಸುತ್ತೇವೆ, ಮುಂದಿನ ವರ್ಷ ಬನ್ನಿ ಎನ್ನುತ್ತೇವೆ.