ಮುರು ಮೀನಿನ ಬಿಲ

ಮೀನು ಈಟಿಗೆ, ಕರುಳು ಏಡಿಗೆ: ಒಪ್ಪಂದ ಇಷ್ಟೇ. ಕಡಲ ನಡುವಿನ ಬಂಡೆಯಲ್ಲಿ ದೊಡ್ಡ ಮುರು ಮೀನು ಅಡಗಿದ್ದ ಬಿಲವನ್ನು ಏಡಿ ತೋರಿಸಬೇಕು. ಮುಳುಗುಗಾರನ ಈಟಿ ಅದನ್ನು ಹೊಡೆದ ಮೇಲೆ, ಅವನು ದೋಣಿಯಲ್ಲಿ ಮೀನು ಸೀಳಿ ಎಸೆಯುವ ಕರುಳೆಲ್ಲ ಏಡಿಯ ಪಾಲು.

"ಒಂದನ್ನು ಹೊಡೆದರೆ ಮುಗೀತಲ್ಲ ಮಾರಾಯ?" ಎಂದಿತು ಈಟಿ.

"ಈ ಬಿಲದ ಗುಣ ನಿನಗೇನು ಗೊತ್ತು? ಒಬ್ಬ ಹೋದರೆ ಇನ್ನೊಬ್ಬ ತಾನಾಗಿಯೇ ಬಂದು ಕೂರುತ್ತಾನೆ."

ಹಾಗೆಯೇ ಆಯಿತು. ದೊಡ್ಡದು ಹೋದಾಗ ಪಕ್ಕದ ಸಂದಿಯ ಮುರು ಬಂದು ಒಳ್ಳೆಯ ಬಿಲ ಹಿಡಿಯಿತು. ಅದೂ ಹೋದಾಗ ಆಚೆ ಸಂದಿಯ ಇನ್ನೂ ಚಿಕ್ಕದು. ಪ್ರತಿ ಸಲವೂ ಕರುಳು ಕಡಿಮೆಯಾಗುತ್ತಿತ್ತು. ಏಡಿ ಅದನ್ನು ಈಟಿಯ ಮೋಸ ಎಂದುಕೊಂಡಿತೇ ಹೊರತು, ಖಾಲಿ ಬಿದ್ದ ಸಂದಿಗಳ ಕಡೆ ಕಣ್ಣು ಹಾಯಿಸಲಿಲ್ಲ.

ಕೊನೆಗೆ ಬಂದದ್ದು ಮೊಳ ಉದ್ದವೂ ಇಲ್ಲದ ಹೆಣ್ಣು ಮುರು. "ನನ್ನ ಹಿಂದೆ ಯಾರೂ ಇಲ್ಲ, ಏಡಿಯಣ್ಣ. ಒಂದು ಸಲ ಮೊಟ್ಟೆ ಇಡುವವರೆಗೆ ಸುಮ್ಮನಿರು," ಎಂದಿತು.

"ಎಲ್ಲರೂ ಹಾಗೇ ಹೇಳೋದು," ಎಂದು ಏಡಿ ಕೊಂಡಿ ಎತ್ತಿ ತೋರಿಸಿತು. ಈಟಿಯ ಗುರಿ ತಪ್ಪಲಿಲ್ಲ.

ಆಮೇಲೆ ಆ ಬಿಲಕ್ಕೆ ಆಕ್ಟೋಪಸ್ ಬಂತು. ಮುರು ಇರುವಷ್ಟು ಕಾಲ ಹೆದರಿ ಬಂಡೆಯ ಹತ್ತಿರವೂ ಸುಳಿಯದಿದ್ದ ಅದಕ್ಕೆ ಏಡಿಯ ಮಾಂಸವೆಂದರೆ ಪಂಚಪ್ರಾಣ.

"ಇದನ್ನು ಹೊಡಿಯೋ!" ಎಂದು ಏಡಿ ಕೂಗಿತು.

"ಮೀನಿಲ್ಲದ ಕಡೆ ನಮ್ಮ ಧಣಿ ಮುಳುಗೋದಿಲ್ಲ. ಬೇರೆ ಬಂಡೆ ನೋಡಿದ್ದೇವೆ," ಎಂದಿತು ಹೊರಟ ದೋಣಿಯಿಂದ ಈಟಿ.

ಆಕ್ಟೋಪಸ್‌ನ ತೋಳೊಂದು ತಾನು ಅಡಗಿದ್ದ ಸಂದಿಯೊಳಗೆ ಚಾಚಿ ಬಂದಾಗ, ಆ ಹೆಣ್ಣು ಮುರುವಿನ ಮಾತಿಗೆ ಹೂಂ ಅನ್ನಬಹುದಿತ್ತು ಎಂದು ಏಡಿಗೆ ಅನ್ನಿಸಿತು. ಇಡೀ ವ್ಯಾಪಾರದಲ್ಲಿ ಅದು ಗಳಿಸಿದ್ದು ನಾಲ್ಕು ಹೊತ್ತಿನ ಊಟ, ಕೊನೆಯದು ಅರೆಹೊಟ್ಟೆ.