ಹಗೇವಿನಲ್ಲಿ ಆರದ ದೀಪ

ಹತ್ತಿರ ಬನ್ನಿ ಮಕ್ಕಳೇ, ಕೂತುಕೊಳ್ಳಿ. ಬಹಳ ಹಿಂದಿನ ಮಾತು. ಒಂದು ರಾಜ್ಯದ ಅಂಚಿನಲ್ಲಿ ಹಾಲುಗುಂದ ಅಂತ ಒಂದು ನಾಡಿತ್ತು. ರಾಜ ದೂರ ಇದ್ದ. ನಾಡಿನ ಬೊಕ್ಕಸ ನೋಡಿಕೊಳ್ಳಲು ಐದು ಜನರಿದ್ದರು. ಯಾವ ಮನೆಯಿಂದ ಎಷ್ಟು ರಾಗಿ ಎತ್ತಬೇಕು, ಕೆರೆ ಏರಿಯ ಕೆಲಸಕ್ಕೆ ಎಷ್ಟು, ಹಸಿದವರಿಗೆ ಎಷ್ಟು, ಎಲ್ಲ ಅವರೇ ಹೇಳುವುದು. ಐವರಿಗೆ ಐದು ಮಣೆ.

ಬೊಕ್ಕಸ ಅಂದರೆ ಮೂರು ಹಗೇವು. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಆದರೆ ಒಳಗಿನ ಗಾಳಿ ಕೆಡುತ್ತದೆ. ತೆರೆದ ಕೂಡಲೇ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದಿಟ್ಟು ಕಾಯುತ್ತಾರೆ. ಇದು ಹಾಲುಗುಂದದ ಕೂಸಿಗೂ ಗೊತ್ತು.

ಒಂದು ವರ್ಷ ಐದನೇ ಮಣೆ ಖಾಲಿಯಾಯಿತು. ಆ ಮಣೆಗೆ ಮೂವರು ನಿಂತರು. ಗಾಣದ ಸಂಕಣ್ಣ. ಕೋಟೆಮನೆ ರಾಚಪ್ಪ. ಕಂಬಳಿ ನೇಯುವ ಬೊಮ್ಮಯ್ಯ.

ಬೊಮ್ಮಯ್ಯನಿಗೆ ಮಣೆ ಬೇಕಿರಲಿಲ್ಲ. ಅವನ ಹೆಂಡತಿ ಮಾದವ್ವ ಸಾಯುವ ಮುಂಚೆ ಹೇಳಿದ್ದಳು. "ಹಸಿದವರ ಪಾಲು ನೋಡೋರು ಅಲ್ಲಿ ಯಾರೂ ಇಲ್ಲ. ಒಂದು ಸಲ ನೀನು ನಿಂತುಕೋ." ಅವನು ಹೂಂ ಅಂದಿದ್ದ. ಅವಳು ಹೋದಳು. ಹೂಂ ಉಳಿಯಿತು. ಈಗ ಮನೆಯಲ್ಲಿ ಅವನು, ಸಣ್ಣ ಮಗಳು ಈರಿ. ಉಣ್ಣುವುದು ಎರಡು ತಟ್ಟೆಯಲ್ಲಿ. ಮೂರನೆಯದನ್ನೂ ಅವನು ದಿನಾ ತೊಳೆದಿಡುತ್ತಿದ್ದ.

ನಿಂತ ಮಾರನೇ ದಿನ ಹೊಸ್ತಿಲ ಮೇಲೆ ಒಂದು ಕುರಿಯ ಕಿವಿ ಬಿದ್ದಿತ್ತು. ಕಿವಿಯಲ್ಲಿ ಬೊಮ್ಮಯ್ಯನ ಹಟ್ಟಿಯ ಗುರುತು. ಅವನು ಯಾರಿಗೂ ಹೇಳದೆ ಅದನ್ನು ಹೂತು ಬಂದ.

ಆಮೇಲೊಂದು ಬೆಳಿಗ್ಗೆ ಮಗ್ಗದ ನೂಲೆಲ್ಲ ಕತ್ತರಿಸಿ ಬಿದ್ದಿತ್ತು. ಅಪ್ಪ ಮಗಳು ಮಲಗುವ ಚಾಪೆಯಿಂದ ಮಗ್ಗ ಒಂದು ಮಾರು ದೂರ. ಅಷ್ಟು ಹತ್ತಿರ ಯಾರೋ ಬಂದು ಹೋಗಿದ್ದರು.

ಮೂರನೇ ಸಲ ರಾಚಪ್ಪನೇ ಬಂದ. ಹಾಡುಹಗಲು. ಜಗಲಿ ಮೇಲೆ ಕೂತ. ಈರಿಯನ್ನು ಕರೆದು ತಲೆ ಸವರಿದ. ಒಂದು ಚೂರು ಬೆಲ್ಲ ಕೊಟ್ಟ.

"ತಾಯಿ ಇಲ್ಲದ ಕೂಸು. ಜೋಪಾನ ಬೊಮ್ಮಯ್ಯ. ಕೆರೆ ಪಕ್ಕದಲ್ಲೇ ಇದೆ."

"ಹೂಂ ಅಯ್ಯಾ."

"ನಿನಗ್ಯಾಕೋ ಮಣೆ? ಮರದ ಹಲಗೆ ಅದು, ಒತ್ತುತ್ತೆ. ನಿನಗೆ ಕಂಬಳಿಯೇ ಮೆತ್ತಗೆ."

ಅವನು ಹೋದ ಮೇಲೆ ಬೊಮ್ಮಯ್ಯ ಮಗಳ ಬಾಯಿಯ ಬೆಲ್ಲ ಉಗುಳಿಸಿದ. 

"ಯಾಕಪ್ಪ?"

"ಕಹಿ ಅದು."

"ಸಿಹಿಯಾಗೇ ಇತ್ತು," ಅಂದಳು ಈರಿ.

ಊರು ಸೇರಿದ ದಿನ ರಾಚಪ್ಪ ಎದ್ದು ನಿಂತ. "ಕೈ ಎತ್ತಿಸೋದು ಬೇಡ. ಮೂರು ಹಗೇವು, ಮೂರು ಜನ. ಒಬ್ಬೊಬ್ಬರು ಒಂದೊಂದಕ್ಕೆ ದೀಪ ಇಳಿಸೋಣ. ಯಾರ ದೀಪ ಆರೋದಿಲ್ಲವೋ ಮಣೆ ಅವರದು. ದೇವರೇ ಹೇಳಲಿ."

ಮುಚ್ಚಿಟ್ಟ ಹಗೇವಿನಲ್ಲಿ ದೀಪ ಆರಲೇಬೇಕು. ಎಲ್ಲರಿಗೂ ಗೊತ್ತಿತ್ತು. ಆದರೆ ಸುತ್ತ ರಾಚಪ್ಪನ ಆಳುಗಳು ದೊಣ್ಣೆ ಹಿಡಿದು ನಿಂತಿದ್ದರು. ಮಣೆಯವರಲ್ಲಿ ಹಿರಿಯ ಮಾಚಜ್ಜ ನೆಲ ನೋಡಿಕೊಂಡು "ಆಗಲಿ" ಅಂದ. ಜನ "ಆಗಲಿ" ಅಂದರು. ಬೊಮ್ಮಯ್ಯನೂ ಅಂದ.

ಮೊದಲ ಹಗೇವಿಗೆ ಸಂಕಣ್ಣ ದೀಪ ಇಳಿಸಿದ. ಆರಿತು.

ಎರಡನೆಯದಕ್ಕೆ ಬೊಮ್ಮಯ್ಯ ಇಳಿಸಿದ. ಆರಿತು.

ಮೂರನೆಯದು ರಾಚಪ್ಪನ ಕೊಟ್ಟಿಗೆಯ ಹತ್ತಿರದ್ದು. ಅದನ್ನು ಅವನೇ ಆರಿಸಿಕೊಂಡಿದ್ದ. ಹಗೇವಿನ ಕತ್ತಿನವರೆಗೆ ಮಾತ್ರ ದೀಪ ಬಿಟ್ಟ. ದೀಪ ಆರಲಿಲ್ಲ. ನೆಟ್ಟಗೂ ಉರಿಯಲಿಲ್ಲ. ಗಾಳಿ ಬೀಸಿದ ಹಾಗೆ ಕುಡಿ ಒಂದೇ ಕಡೆ ಬಾಗಿತು.

ಬೊಮ್ಮಯ್ಯ ಬಗ್ಗಿ ನೋಡಿದ. ಮುಚ್ಚಿದ ಹಗೇವಿಗೆ ಗಾಳಿ ಎಲ್ಲಿಂದ ಬಂತು? ಒಳಗೆ ಇನ್ನೊಂದು ಬಾಯಿ ಇರಬೇಕು. ಆ ಬಾಯಿಂದ ರಾಗಿ ಹೋಗಿರಬೇಕು. ಸುತ್ತ ನೋಡಿದ. ಜನರ ಮುಖ ನೋಡಿದ. ಎಲ್ಲರ ಮುಖದಲ್ಲೂ ಅದೇ ಇತ್ತು. ಯಾರ ಬಾಯಲ್ಲೂ ಇರಲಿಲ್ಲ.

ಮಾಚಜ್ಜ ಹಾರ ಎತ್ತಿದ.

ಬೊಮ್ಮಯ್ಯನಿಗೆ ಕೆರೆ ನೆನಪಾಯಿತು. ಮಾದವ್ವನಿಗೆ ಅಂದ ಹೂಂ ನೆನಪಾಯಿತು. 

"ರಾಚಪ್ಪಯ್ಯ," ಅಂದ, "ಮಣೆ ಏರೋರ ಮುಂದೆ ಹಗೇವಿನ ಮೊದಲ ಬೊಗಸೆ ರಾಗಿ ಇಡೋದು ಪದ್ಧತಿ. ನಮ್ಮ ಹಗೇವಿಗೆ ಇವತ್ತು ಇಳಿಯೋ ಹಾಗಿಲ್ಲ. ನಿಮ್ಮದರಲ್ಲಿ ದೀಪ ಉರೀತಿದೆ. ನಾನೇ ಇಳಿದು ತರ್ತೀನಿ."

ರಾಚಪ್ಪನ ಮೀಸೆ ಅಲುಗಿತು. "ಬೇಡ. ಒಳಗೆ ಕೆಟ್ಟ ಗಾಳಿ."

"ಕೆಟ್ಟ ಗಾಳಿಯಾದರೆ ದೀಪ ಆರಬೇಕಿತ್ತಲ್ಲ ಅಯ್ಯಾ?"

ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಕೂಡಲೇ ಬಾಯಿ ಮುಚ್ಚಿಕೊಂಡರು.  "ಇಳಿ ಹಾಗಾದರೆ," ಅಂದ ರಾಚಪ್ಪ. ಆಳುಗಳ ಕಡೆ ನೋಡಿದ.

ಆ ನೋಟ ಬೊಮ್ಮಯ್ಯನಿಗೂ ಕಂಡಿತು. ಹಗ್ಗದ ತುದಿ ಸಂಕಣ್ಣನ ಕೈಗೆ ಕೊಟ್ಟ. ಈರಿಯ ಕೈಯನ್ನು ಮಾಚಜ್ಜನ ಕೈಯಲ್ಲಿಟ್ಟ. "ಅಜ್ಜನ ಕೈ ಬಿಡಬೇಡ ಮಗಳೇ. ಏನೇ ಆಗಲಿ, ಬಿಡಬೇಡ."

ಇಳಿದ. ಕತ್ತು ದಾಟಿದ ಕೂಡಲೇ ಕಾಲಿಗೆ ರಾಗಿ ಸಿಗಬೇಕಿತ್ತು. ಸಿಗಲಿಲ್ಲ. ಇನ್ನೂ ಇಳಿದ. ಸಿಗಲಿಲ್ಲ. ಇನ್ನೂ ಇಳಿದ. ಕಾಲಿಗೆ ಬರೀ ನೆಲ ತಗಲಿತು. ಕೆನ್ನೆಗೆ ಗಾಳಿ ತಾಗಿತು. ಗಾಳಿಯಲ್ಲಿ ಸೆಗಣಿ ವಾಸನೆ.

ಕೂಗಬೇಕು ಅನ್ನುವಷ್ಟರಲ್ಲಿ ಮೇಲೆ ನೂಕಾಟ ಕೇಳಿಸಿತು. ಸಂಕಣ್ಣ ನರಳಿದ. ಹಗ್ಗ ಬಂದು ಬೊಮ್ಮಯ್ಯನ ತಲೆ ಮೇಲೆ ಬಿತ್ತು.

"ಉಸಿರುಗಟ್ಟಿ ಸತ್ತ," ಅಂದಿತು ರಾಚಪ್ಪನ ದನಿ. "ಇನ್ಯಾರೂ ಹತ್ತಿರ ಹೋಗಬೇಡಿ. ಕಲ್ಲು ಎಳೀರಿ."

ಕಲ್ಲು ಸರಿಯಿತು. ಬೆಳಕು ಹೋಯಿತು.

"ಅಪ್ಪಾ," ಅಂತ ಒಂದು ದನಿ ಕೇಳಿತು. ಅದೊಂದೇ. ಊರಿಗೆ ಊರೇ ಅಲ್ಲಿತ್ತು. ಬೇರೆ ದನಿ ಇಲ್ಲ.

ಬೊಮ್ಮಯ್ಯ ಕತ್ತಲಲ್ಲಿ ಕೂತುಬಿಟ್ಟ.  ಆಮೇಲೆ ಗಾಳಿ ಬರುವ ಕಡೆಗೆ ಕೈ ಚಾಚಿದ. ಗೋಡೆಯಲ್ಲಿ ಬಿಲ ಸಿಕ್ಕಿತು. ತೂರಿದ. ತೆವಳಿದ. ಮೊಣಕೈ ಕಿತ್ತುಬಂತು. ನೆಲದ ಮೇಲೆ ಸಾಲಾಗಿ ಚೆಲ್ಲಿದ ರಾಗಿ ಅಂಗೈಗೆ ತಾಗುತ್ತಿತ್ತು. ಅದೇ ದಾರಿ ತೋರಿಸಿತು. ಕೊನೆಗೆ ಒಂದು ಹಲಗೆ. ನೂಕಿದ. ಮೇಲೆ ಎತ್ತಿನ ಗೊರಸು. ಅದು ರಾಚಪ್ಪನ ಕೊಟ್ಟಿಗೆ. ಗೋಡೆಯುದ್ದಕ್ಕೂ ರಾಗಿ ಮೂಟೆ. ಬಾಗಿಲಿಗೆ ಹೊರಗಿನಿಂದ ಬೀಗ. ಬೊಮ್ಮಯ್ಯ ಮೂಟೆ ಬಿಚ್ಚಿ ಒಂದು ಬೊಗಸೆ ರಾಗಿ ಪಂಚೆಯ ಸೆರಗಿಗೆ ಕಟ್ಟಿಕೊಂಡ. ಮೂಟೆ ಹತ್ತಿ, ಸೂರಿನ ಹುಲ್ಲು ಸರಿಸಿ ಹೊರಗೆ ಧುಮುಕಿದ.

ಅಲ್ಲಿ ಹಗೇವಿನ ಹತ್ತಿರ ರಾಚಪ್ಪ ಮಣೆ ಮೇಲೆ ಕೂತಿದ್ದ. ಜನ ತಲೆ ತಗ್ಗಿಸಿ ನಿಂತಿದ್ದರು. ಮೈಯೆಲ್ಲ ಮಣ್ಣಾದವನು ಹಿಂದಿನಿಂದ ನಡೆದು ಬಂದ. ಹೆಂಗಸರು ಚೀರಿ ದಾರಿ ಬಿಟ್ಟರು. ದೆವ್ವ ಅಂದುಕೊಂಡರು.  ಬೊಮ್ಮಯ್ಯ ರಾಚಪ್ಪನ ಎದುರಿಗೆ ಹೋಗಿ ನಿಂತ.

ರಾಚಪ್ಪನ ಮುಖ ಬೂದಿಯಾಯಿತು.

"ನೀನು ಹೇಗೋ ಬಂದೆ? ಕೊಟ್ಟಿಗೆಗೆ ಬೀಗ ಹಾಕಿದ್ದೆನಲ್ಲ."



"ಕೊಟ್ಟಿಗೆ ಮಾತು ಯಾರೂ ಎತ್ತಲಿಲ್ಲವಲ್ಲ ರಾಚಪ್ಪ," ಅಂದ ಮಾಚಜ್ಜ, ನಿಧಾನಕ್ಕೆ. ಅವನ ಕೈಯಲ್ಲಿ ಈರಿಯ ಕೈ ಇನ್ನೂ ಇತ್ತು.

ಬೊಮ್ಮಯ್ಯ ಸೆರಗು ಬಿಚ್ಚಿ ರಾಗಿಯನ್ನು ಮಣೆಯ ಮುಂದೆ ಸುರಿದ. "ಮೊದಲ ಬೊಗಸೆ ಅಯ್ಯಾ. ಮಿಕ್ಕಿದ್ದು ಅಲ್ಲೇ ಇದೆ."

ಆಗ ಜನ ತಲೆ ಎತ್ತಿದರು. ಒಬ್ಬ ಎತ್ತಿದ, ಇನ್ನೊಬ್ಬ ಎತ್ತಿದ, ಎಲ್ಲರೂ ಎತ್ತಿದರು. ಅಷ್ಟು ಜನ ಒಟ್ಟಿಗೆ ನೋಡಿದ್ದಕ್ಕೇ ಆಳುಗಳ ಕೈಯಿಂದ ದೊಣ್ಣೆಗಳು ಜಾರಿದವು. ಊರವರು ಹೇಳಿದಂತೆ ರಾಚಪ್ಪ ಒಂದೊಂದೇ ಮೂಟೆಯನ್ನು ತನ್ನ ತಲೆ ಮೇಲೆ ಹೊತ್ತು ಹಗೇವಿಗೆ ತಂದು ಸುರಿದ. ಆಮೇಲೆ ರಾಜನ ಕಡೆಯವರು ಬಂದು ಅವನನ್ನು ಕರೆದೊಯ್ದರು.

ಐದನೇ ಮಣೆ ಬೊಮ್ಮಯ್ಯನಿಗೆ ಬಂತು. ಸಂಕಣ್ಣನೇ ಕೈ ಹಿಡಿದು ಕೂರಿಸಿದ. ಜನ ಬಂದು ತಪ್ಪಾಯಿತು ಅಂದರು. ಬೊಮ್ಮಯ್ಯ ಬೈಯಲಿಲ್ಲ. "ಕೆಳಗೆ ಒಂದೇ ದನಿ ಕೇಳಿತು," ಅಂದ ಅಷ್ಟೆ.

ಅವನ ಹೆದರಿಕೆ ಹೋಗಲಿಲ್ಲ ಮಕ್ಕಳೇ. ಎಷ್ಟೋ ದಿನ ಕದ ಸದ್ದಾದರೆ ಬೆಚ್ಚುತ್ತಿದ್ದ. ಆದರೂ ಹಗೇವು ತೆರೆಯುವ ದಿನ ಮೊದಲು ಹೋಗಿ ನಿಲ್ಲುತ್ತಿದ್ದ. ದೀಪದ ಹಗ್ಗವನ್ನು ಈರಿ ಹಿಡಿಯುತ್ತಿದ್ದಳು. ದೀಪ ಆರಿದಾಗ ಊರೆಲ್ಲ ಉಸಿರು ಬಿಡುತ್ತಿತ್ತು, ರಾಗಿ ಇದೆ ಅಂತ.

ಇದರ ನೀತಿ ಇಷ್ಟೆ. ಊರಿನ ಗಂಟು ಕಾಯುತ್ತೇನೆ ಅಂತ ಬರುವವನು ನಿಮ್ಮನ್ನು ಹೆದರಿಸಿದರೆ, ಅವನು ಏನನ್ನೋ ಬಚ್ಚಿಟ್ಟಿದ್ದಾನೆ ಅಂತ ತಿಳಿಯಿರಿ. ಕಂಡದ್ದನ್ನು ಹೇಳಿ. ಹೆದರಿಕೆ ಆದರೂ ಹೇಳಿ. ನೀವು ಸುಮ್ಮನಿದ್ದರೆ ಹಗೇವಿನ ಬಾಯಿಗೆ ಕಲ್ಲು ಎಳೆದವರಲ್ಲಿ ನೀವೂ ಒಬ್ಬರು.